ಸಿಸ್ಟರ್‌ಬಾಯಿಯ ಸೊಂಟದ ಚಾವಿಗಳು

ಸುಶೀಲಾ ಸಿಸ್ಟರ್‌ಬಾಯಿ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಬಿಳಿ ಸೀರೆಯ ಸೊಂಟದಲ್ಲಿ ಒಂದು ಹಿಡಿ ಚಾವಿ. ಒಂದೂ ಆಕೆಯ ಮನೆಯದಲ್ಲ. ವಲಾಂಡಿಯದು, ಜಳಕೋಟದ್ದು, ನಮ್ಮ ಉಮರ್ಗಾ ಪೇಟೆಯವು. ಜೀವ ಕಳೆದುಕೊಳ್ಳಲು ಹೋಗಿ ನಮ್ಮ ದವಾಖಾನೆಯಲ್ಲಿ ಉಳಿದವರ ಮನೆಗಳಲ್ಲಿ ವಿಷದ ಡಬ್ಬಿ ಇಟ್ಟ ಖೋಲಿಗಳ ಚಾವಿ ಅವು. ಮನೆಯವರು ಆ ಚಾವಿ ತಂದು ಕೊಡದೆ ಪೇಶಂಟನ್ನು ಮನೆಗೆ ಬಿಡುತ್ತಿರಲಿಲ್ಲ. ವಾಪಸ್ ಬೇಕೆಂದರೆ ಆ ಪೇಶಂಟೇ ಬರಬೇಕು. ಬಂದವರಿಗೆ ಒಂದೇ ಪ್ರಶ್ನೆ: "ಇನ್ನೂ ಸಾಯಬೇಕನ್ನಸ್ತದೇನು?" ಕೇಳಿ ಸುಮ್ಮನೆ ಕೂಡುತ್ತಿದ್ದಳು. ಆಕೆ ಸುಮ್ಮನಿರುತ್ತಿದ್ದುದು ಆಗ ಮಾತ್ರ.

"ಇದ್ಯಾವ ರೂಲು?" ಎಂದರು ದೊಡ್ಡ ಡಾಕ್ಟರು.

"ಉಳಿಸಿ ಮನಿಗಿ ಕಳಸೂದು, ಮತ್ತ ಅದೇ ಮನಿಂದ ಹೆಣಾ ಬರೂದು, ಇದ್ಯಾವ ರೂಲ್ರೀ ಸಾಹೇಬ್ರ?"

ನಾನು ಬಾಳಾ, ಅಂಬುಲೆನ್ಸ್ ಡ್ರೈವರ್. ಡಾಕ್ಟರ ಸೀನು, ಹವಾಲ್ದಾರನ ತೇಗು, ಸಿಸ್ಟರ್‌ಬಾಯಿಯ ಬೈಗುಳ, ಎಲ್ಲದರ ನಕಲು ಮಾಡುತ್ತಿದ್ದೆ. ಸೈರನ್ ಕೆಟ್ಟರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನೇ ಕೂಗುತ್ತಿದ್ದೆ. ನನ್ನ ಮುಖದ ನಕಲನ್ನು ಮಾತ್ರ ಕೋತಿ ಮೊದಲೇ ಮಾಡಿಬಿಟ್ಟಿತ್ತು. ಅವು ಬರಗಾಲದ ವರ್ಷಗಳು. ಟ್ಯಾಂಕರ್ ಮುಂದೆ ಕೊಡದಿಂದ ತಲೆ ಒಡೆಸಿಕೊಂಡವರು ಬರುತ್ತಿದ್ದರು. ತೊಳೆಯಲು ನೀರಿಲ್ಲದೆ ಗಾಡಿಯ ನೆಲದಲ್ಲಿ ರಕ್ತ ಹಕ್ಕಳೆಗಟ್ಟುತ್ತಿತ್ತು. ಅದರ ಮೇಲೆ ಕಾಲಿಟ್ಟು ನಾನು ನಗಿಸುತ್ತಿದ್ದೆ.

ಒಮ್ಮೆ ವಿಷ ಕುಡಿದ ಕಾಶೀನಾಥನನ್ನು, ಕಾಳಿನ ವ್ಯಾಪಾರಿಯ ಕಿರಿಮಗನನ್ನು, ಗಾಡಿಯಲ್ಲಿ ಹಾಕಿಕೊಂಡು ಬಂದೆ. ಕಣ್ಣು ಬಿಟ್ಟನೋ ಇಲ್ಲವೋ, ಅಣ್ಣ ಮಲ್ಲಪ್ಪ ಮಂಚಕ್ಕೇ ನುಗ್ಗಿ ಕಪಾಳಕ್ಕೆ ಬಾರಿಸಿದ. "ಮನಿ ಮಾನಾ ಬಜಾರಕ್ಕ ಹಾಕ್ದೆಲ್ಲೋ!" ಸಲಾಯಿನ್ ಸೂಜಿ ಕಿತ್ತು ಗೋಡೆಗೆ ರಕ್ತ ಚಿಮ್ಮಿತು. ಬಾಯಿ ಸ್ಟೀಲಿನ ಟ್ರೇಯಿಂದ ಅವನ ಕಿವಿಗೆ ಬಿಗಿದಳು, ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದಳು. ಅವನೂ ಗುದ್ದಿದ. ಸಿಸ್ಟರ್‌ಬಾಯಿಯ ಹಲ್ಲು ಮುರಿಯಿತು. ಅದನ್ನು ಟ್ರೇಯೊಳಗೆ ಉಗುಳಿ, "ಆತೇನು? ಈಗ ಚಾವಿ ತಾ," ಎಂದಳು.

ಕೆಲವು ದಿನಗಳಲ್ಲಿ ಮಲ್ಲಪ್ಪ ತಾನು ಕೊಟ್ಟ ಚಾವಿ ವಾಪಸ್ ಕಸಿದುಕೊಳ್ಳಲು ಬಡಿಗೆ ಹಿಡಿದ ಹಮಾಲರ ಜೊತೆ ಬಂದ. ಮನೆಯಲ್ಲಿ ಬೀಗ ಒಡೆದಿದ್ದರೆ ಆಗುತ್ತಿತ್ತು, ಆದರೆ ಅವನಿಗೆ ಬೇಕಾಗಿದ್ದು ಚಾವಿಯಲ್ಲ, ಗೆಲುವು. ಕಿಟಕಿಗಳು ಪುಡಿಯಾದವು. ಬಾಯಿ ಸಲಾಯಿನ್ ಸ್ಟ್ಯಾಂಡ್ ಬೀಸಿ ಒಬ್ಬನನ್ನು ಕೆಡವಿದಳು. ಬಡಿಗೆ ತಾಗಿ ಆಕೆಯ ಹಣೆ ಒಡೆಯಿತು. ಅಷ್ಟರಲ್ಲಿ ಕಾಶೀನಾಥ ಓಡಿಬಂದು ನಡುವೆ ನಿಂತ.

"ಬಿಡಣ್ಣಾ! ಚಾವಿ ಕೇಳಬೇಕಾದಂವಾ ನಾ."

ರಕ್ತ ಕಣ್ಣಿಗಿಳಿಯುತ್ತಿದ್ದರೂ ಬಾಯಿ ಕುರ್ಚಿಯ ಮೇಲೆ ಕೂತು ತನ್ನ ಪ್ರಶ್ನೆ ಕೇಳಿದಳು. ಕಾದಳು. ಹಮಾಲರೂ ಕಾದರು.

"ಒಮ್ಮೊಮ್ಮೆ, ಬಾಯಿ," ಎಂದ ಕಾಶೀನಾಥ.

ಮಲ್ಲಪ್ಪನ ಕೈಯ ಬಡಿಗೆ ನೆಲಕ್ಕೆ ಬಿತ್ತು.

"ಹಂಗಾರ ಚಾವಿ ನನ್ನ ಹತ್ರನೇ ಇರಲಿ. ಗುರುವಾರ ಉದಗೀರಕ್ಕ, ಮನಸಿನ ಡಾಕ್ಟರ್ ಕಡೆ. ಮಲ್ಲಪ್ಪಾ, ನೀನೂ ಬಾ."

ಆ ಗುರುವಾರ ಇಬ್ಬರನ್ನೂ ನಾನೇ ಒಯ್ದೆ. ಅಣ್ಣ ದಾರಿಯುದ್ದಕ್ಕೂ ತಮ್ಮನ ಮೊಣಕೈ ಬಿಡಲಿಲ್ಲ. ಮುಂದೆ ಕಾಶೀನಾಥ ತಾನೇ ಬಂದು ಚಾವಿ ಒಯ್ದ. ಈಗ ಅಂಗಡಿಯಲ್ಲಿ ಕೂತು ನನ್ನ ನಕಲು ಮಾಡುತ್ತಾನೆ, ಕೆಟ್ಟದಾಗಿ.

ಬಾಯಿಗೆ ನಿಲಂಗಾಕ್ಕೆ ಬದಲಿಯಾಯಿತು. ಟ್ರಂಕು ಹೇರಿಕೊಂಡು ನಾನೇ ಬಿಡಲು ಹೊರಟೆ. ನಗಿಸೋಣವೆಂದು ದಾರಿಯಲ್ಲಿ ಆಕೆಯ ದನಿಯಲ್ಲೇ ಕೂಗಿದೆ: "ಇನ್ನೂ ಸಾಯಬೇಕನ್ನಸ್ತದೇನು?"

ಆಕೆ ನಗಲಿಲ್ಲ. "ನಕಲು ಛಲೋ ಆತು, ಬಾಳಾ. ಈಗ ನಾ ನಿನಗ ಕೇಳ್ತೀನಿ."

ಕೇಳಿದಳು. ಸುಮ್ಮನಾದಳು.

ಸೈರನ್ನಿನ ನಕಲು ಕೂಗಿ ಮಾತು ತಪ್ಪಿಸಲು ನೋಡಿದೆ. ಆಗಲಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿದೆ.

"ಒಮ್ಮೊಮ್ಮೆ, ಬಾಯಿ."

ಮಾತು ಕಾಶೀನಾಥನದು. ದನಿ ಮಾತ್ರ ನನ್ನದೇ ಇತ್ತು.

ಆಕೆ ಅಂಗೈ ಚಾಚಿದಳು. "ನಿನ್ನ ಖೋಲಿ ಚಾವಿ ತಾ. ಇವತ್ತಿಂದ ನಿನ್ನ ಅಕ್ಕನ ಮನ್ಯಾಗ ಮಲಗು. ಗುರುವಾರ ಉದಗೀರ, ನಾ ಬಸ್ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ."

ನಿಂತಿದ್ದಳು.

ನಮ್ಮ ವಾರ್ಡಿನಲ್ಲಿ ಈಗ ಆ ಕಿಣಿಕಿಣಿ ಇಲ್ಲ. ನನ್ನ ಚಾವಿ ನಿಲಂಗಾದಲ್ಲಿದೆ. ಇಸಿದುಕೊಳ್ಳಲು ನಾನೇ ಹೋಗಬೇಕು. ಹೋಗುತ್ತೇನೆ.