ಟಗರು ಆರಿಸಿದವಳ ಹೊಸ ಕಂಪ್ಯೂಟರ್

ಸಾರಿ, ಇದು ಪೋಸ್ಟ್ ಮಾಡುವಂಥ ವಿಷಯವೇ ಅಲ್ಲ. ಬೆಳಿಗ್ಗೆ ಚಿಕ್ಕಪ್ಪ ಮಿಡಿಗೇಶಿಯ ನಮ್ಮ ಮನೆಗೆ ಬಂದು, ನನ್ನ ಕಾಲೇಜಿಗೆಂದು ಕಂಪ್ಯೂಟರ್ ಅಸೆಂಬಲ್ ಮಾಡಲು ಕೂತರು. ಕ್ಯಾಬಿನೆಟ್‌ಗೆ ಗೀರು ಬೀಳದಿರಲಿ ಎಂದು ನಾನು ತಾತನ ಕಂಬಳಿ ಹಾಸಿದೆ. "ಉಣ್ಣೆ ಮ್ಯಾಲೆ ಬ್ಯಾಡ, ಉಜ್ಜಿದ್ರೆ ಕರೆಂಟ್ ಹುಟ್ಟಿ ಬೋರ್ಡ್ ಹೋಗ್ಬುಡ್ತೈತೆ" ಎಂದು ಎಳೆದು ಪಕ್ಕಕ್ಕೆ ಹಾಕಿದರು. ಆಗ ಬಂತು ಆ ವಾಸನೆ. ಕುರಿ, ಹೊಗೆ, ಬೀಡಿ.

ನಾನು ಚಿಕ್ಕವಳಿದ್ದಾಗ ತಾತ ಮಂದೆಗೆ ಟಗರು ತರಲು ಪಾವಗಡದ ಕುರಿ ಸಂತೆಗೆ ನನ್ನನ್ನೂ ಕರೆದೊಯ್ದಿದ್ದರು. ಒಂದೊಂದರ ಬಾಯಿ ಬಿಡಿಸಿ ಹಲ್ಲು ನೋಡುತ್ತ, ಗೊರಸು ಒತ್ತುತ್ತ ಸಾಗಿ ಕೊನೆಗೆ "ನೀನೇ ಆರಿಸು ಕಣಮ್ಮ" ಎಂದರು. ನಾನು ಎಲ್ಲಕ್ಕಿಂತ ಎತ್ತರದ ಬಿಳಿ ಟಗರು ತೋರಿಸಿದೆ. ಎರೆಮಣ್ಣಿನ ಮೆತ್ತನೆ ನೆಲದಲ್ಲಿ ಬೆಳೆದದ್ದು, ನಮ್ಮ ಗುಡ್ಡದ ಕಲ್ಲಿಗೆ ಅದರ ಕಾಲು ಊದಿಕೊಂಡು ತಿಂಗಳೊಳಗೆ ಸತ್ತುಹೋಯಿತು. ತಾತ ಬೈಯಲಿಲ್ಲ. ಮುಂದಿನ ಸಲ ಸಂತೆಗೆ ಒಬ್ಬರೇ ಹೋದರು. ಆಮೇಲೆ ನಾನು ಹಾಸ್ಟೆಲ್ ಸೇರಿದೆ. ಅಲ್ಲಿ ಊಟ, ಯೂನಿಫಾರ್ಮ್, ಲೈಟ್ ಆರಿಸುವ ಟೈಮ್ ಎಲ್ಲವನ್ನೂ ವಾರ್ಡನ್ನೇ ತೀರ್ಮಾನಿಸುತ್ತಿದ್ದರು. ಹಾಯಾಗಿತ್ತು.

ಈಗ ಚಿಕ್ಕಪ್ಪ ಎರಡು ಪೆನ್‌ಡ್ರೈವ್ ಹಿಡಿದು ಕೂತಿದ್ದಾರೆ. ಒಂದರಲ್ಲಿ ವಿಂಡೋಸ್ ಹತ್ತು, ಇನ್ನೊಂದರಲ್ಲಿ ಹನ್ನೊಂದು. ಹತ್ತಕ್ಕೆ ಅಪ್‌ಡೇಟ್ ನಿಂತಿದೆಯಂತೆ. ಹನ್ನೊಂದು ನೋಡಲು ಚೆಂದ, ಆದರೆ ನನ್ನ ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್‌ಗೆ ಭಾರವಂತೆ.

"ನೀನೇ ಆರಿಸು ಕಣಮ್ಮ, ನಂಗೆ ಬಸ್ಸೈತೆ" ಎಂದರು, ತಾತನ ದನಿಯಲ್ಲೇ.

ನನಗೆ ಏನೂ ಅನಿಸುತ್ತಿಲ್ಲ. ಕೈ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ಗೊತ್ತಿರುವವರು ಯಾವುದೆಂದು ಬೇಗ ಹೇಳಿ.