ಮಾತು ಬೇಡ ಎನ್ನುತ್ತಿದ್ದವರು

ಜರ್ಮನಿಯ ಉತ್ತರ ಕರಾವಳಿಯಲ್ಲಿ, ಗಾಯಗೊಂಡ ಸೀಲ್ ಮರಿಗಳನ್ನು ಗುಣಪಡಿಸಿ ಮತ್ತೆ ಕಡಲಿಗೆ ಬಿಡುವ ಕೇಂದ್ರವೊಂದನ್ನು ಜರ್ಮನ್ ಮಹಿಳೆಯೊಬ್ಬರು ನೋಡಿಕೊಳ್ಳುತ್ತಿದ್ದರು. ಆಖೆನ್ ನಗರದಲ್ಲಿ ಓದುತ್ತಿದ್ದ ನಾನೂ ನನ್ನ ಗೆಳೆಯನೂ ಒಂದು ಬೇಸಿಗೆ ರಜೆಯಲ್ಲಿ ಅಲ್ಲಿ ಸ್ವಯಂಸೇವಕರಾಗಿದ್ದೆವು. ಮರಿಗಳ ಬಳಿ ಹೋಗುವಾಗಲೆಲ್ಲ ಅವರು ಮೀನಿನ ವಾಸನೆಯ ಬೆರಳನ್ನು ತುಟಿಯ ಮೇಲಿಟ್ಟು ಹೇಳುತ್ತಿದ್ದರು: "ಮಾತು ಬೇಡ. ಮನುಷ್ಯರ ದನಿಗೆ ಒಗ್ಗಿದ ಮರಿ ಕಡಲಲ್ಲಿ ಬದುಕುವುದಿಲ್ಲ."

ಈಜುರೆಕ್ಕೆ ಹರಿದಿದ್ದ ಒಂದು ಮರಿ ಎರಡು ದಿನ ಮೀನು ಮುಟ್ಟಲಿಲ್ಲ. ಮಾತಾಡದೆ ಮಗುವಿಗೆ ಉಣಿಸಿದ್ದನ್ನು ನಾನು ನಮ್ಮ ಮನೆಯಲ್ಲಿ ಕಂಡವನಲ್ಲ. ಅವರಿಲ್ಲದಾಗ ಬಗ್ಗಿ, "ತಿನ್ನು ಕಂದಾ, ಒಂದೇ ಒಂದು ತುತ್ತು" ಎಂದೆ. ತಿಂದಿತು. ಆಮೇಲೆ ದಿನವೂ ಹಾಗೆಯೇ ತಿನ್ನಿಸಿದೆ.

"ಲೇ ಮಗಾ, ಆಯಮ್ಮ ಕೇಳಿಸ್ಕೊಂಡ್ರೆ ನಿನ್ನನ್ನೇ ಸೀಲ್ ತೊಟ್ಟಿಗೆ ಹಾಕ್ತಾರೆ" ಎಂದು ಗೆಳೆಯ ನಕ್ಕ.

ಗಾಯ ಮಾಯಿತು, ಮೈ ತುಂಬಿತು. ಸಂಖ್ಯೆಯ ಬಿಲ್ಲೆ ಹಾಕಿ ಅದನ್ನು ಕಡಲಿಗೆ ಬಿಟ್ಟರು. ಹತ್ತೇ ದಿನಕ್ಕೆ ಮೀನುಗಾರರೊಬ್ಬರು ಮರಳಿ ತಂದರು. ಜನ ಹರಟುತ್ತಿದ್ದ ದೋಣಿಯ ಬಳಿಗೆ ತಾನಾಗಿಯೇ ಬಂದಿತ್ತಂತೆ. ಪ್ರೊಪೆಲ್ಲರ್ ಬೆನ್ನನ್ನು ಸೀಳಿತ್ತು.

ಅವರು ಗಾಯವನ್ನು ನೋಡಿದರು, ಬಿಲ್ಲೆಯನ್ನು ನೋಡಿದರು. ನಾನು ಮಾಡಿದ್ದನ್ನು ಹೇಳಿದೆ. ಬೈಯಲಿಲ್ಲ. ಮರಿ ನರಳದೆ ಸಾಯಲೆಂದು ಪಶುವೈದ್ಯರು ಕೊನೆಯ ಚುಚ್ಚುಮದ್ದು ಸಿದ್ಧಪಡಿಸುತ್ತಿದ್ದಾಗ ಅವರು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

"ಈಗ ಮಾತಾಡು" ಎಂದರು. "ಇನ್ನು ಅದು ಕಡಲಿಗೆ ಹೋಗುವುದಿಲ್ಲ."

"ಕಂದಾ" ಎಂದೆ. ಮರಿ ನನ್ನತ್ತ ತಲೆ ತಿರುಗಿಸಿ, ತುತ್ತಿಗೆಂದು ಬಾಯಿ ತೆರೆಯಿತು.