ಹದಿಮೂರನೆಯ ಲಾರಿ

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ಬಳ್ಳಾರಿಯ ಹೊರಗೆ, ನಮ್ಮ ಮನೆಗೆ ಹತ್ತಿರದ ಚಹಾದಂಗಡಿಯ ಬೆಂಚಿನ ಮೇಲೆ ಸಂಜೆ ಇಬ್ಬರು ಕೂಡುತ್ತಿದ್ದೆವು. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ನಾನು, ಹೊಲಿಗೆ ಬಿಟ್ಟಿದ್ದ ನನ್ನ ಓರಗೆಯ ದರ್ಜಿ.

ನಮ್ಮದೊಂದು ಆಟವಿತ್ತು. ಲಾರಿಯ ನಂಬರಿನ ನಾಲ್ಕು ಅಂಕಿಗಳನ್ನು ಕೂಡಿಸಿದರೂ ಗುಣಿಸಿದರೂ ಒಂದೇ ಉತ್ತರ ಬರಬೇಕು. ಮೊದಲು ಸಿಕ್ಕದ್ದು 4211. ಕೂಡಿಸಿದರೆ ಎಂಟು, ಗುಣಿಸಿದರೂ ಎಂಟು. ನಂಬರಿನ ಮೇಲೆಲ್ಲ ಕೆಂಪು ಧೂಳು. ಲಾರಿ ಚಹಾಕ್ಕೆ ನಿಂತರೆ ದರ್ಜಿ ಹಿಂದೆ ಹೋಗಿ ಜೇಬಿನ ಬಟ್ಟೆ ತುಂಡಿನಿಂದ ಒರೆಸಿ ಓದುತ್ತಿದ್ದ.

"ಏನ್ ಚಾಚಾ, ಆರ್‌ಟಿಓದಾಗ ಕೆಲಸ ಸಿಕ್ಕೈತೇನು?" ಎಂದು ಡ್ರೈವರುಗಳು ಕಾಡುತ್ತಿದ್ದರು.

"ಸಿಕ್ಕಿದ್ರ ಮೊದಲು ನಿನ್ನ ಲಾರೀನಽ ಹಿಡೀತಿದ್ದೆ, ಹೋಗಲೇ."

ನಾನು ಹೈಸ್ಕೂಲು ಓದಿದವನು. ಒಂದು ದಿನ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಸೊನ್ನೆ ಬಂದರೆ ಗುಣಲಬ್ಧವೂ ಸೊನ್ನೆ. ಅಂಕಿಗಳು ದೊಡ್ಡವಾದರೆ ಗುಣಲಬ್ಧ ಮೊತ್ತವನ್ನು ಹಿಂದೆ ಬಿಟ್ಟು ಓಡುತ್ತದೆ. ಕೊನೆಗೆ ಉಳಿದದ್ದು ಒಂದು, ಒಂದು, ಎರಡು, ನಾಲ್ಕು. ಇವನ್ನು ಹನ್ನೆರಡು ಬಗೆಯಲ್ಲಿ ಜೋಡಿಸಬಹುದು, ಹದಿಮೂರನೆಯದಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ.

ಹನ್ನೆರಡೂ ಸಿಕ್ಕ ಸಂಜೆ ಅವನು ಬಟ್ಟೆ ತುಂಡನ್ನು ಝಾಡಿಸಿ ಮಡಚಿದ. "ಮುಗೀತಲೇ. ಆ ನಾಲ್ಕಂಕಿ ತಿರುವಿ ಮುರುವಿ ಎಲ್ಲಾ ಬಂದು ಹೋದ್ವು. ಮಗಳು ಸಿರುಗುಪ್ಪಕ್ಕ ಬಾ ಅಂತ ಕರಿಯಾಕತ್ಯಾಳ. ಮೊಮ್ಮಗಳು ಅಂಬೆಗಾಲು ಹಾಕಾಕತ್ಯಾಳಂತ."

ನಾಳೆಯಿಂದ ಆ ಬೆಂಚಿಗೆ ನಾನೊಬ್ಬನೇ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಇನ್ನೊಂದೈತಿ. ಬ್ಯಾರೆ ಅಂಕಿದು. ನಿನ್ನೆ ನೋಡೀನಿ, ಧೂಳಿನಾಗ ಪೂರಾ ಕಾಣಲಿಲ್ಲ."

ಅವನು ಮತ್ತೆ ಕೂತ. "ಹೌದೇನು? ಅದೊಂದು ಸಿಗಲಿ, ಆಮ್ಯಾಲೆ ಹೋಗ್ತೀನಿ."

ಮೊಮ್ಮಗಳು ನಡೆಯಲು ಕಲಿತಳು, ಶಾಲೆಗೂ ಸೇರಿದಳು. ಇಲ್ಲದ ನಂಬರಿಗಾಗಿ ಅವನು ಧೂಳು ಒರೆಸುತ್ತ ನನ್ನ ಪಕ್ಕದಲ್ಲೇ ಉಳಿದ. ಆಗ ನಾನು ಸುಖವಾಗಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಗಣಿಗಳು ನಿಂತವು. ರಸ್ತೆ ಖಾಲಿಯಾಯಿತು, ಅವನು ಸಿರುಗುಪ್ಪಕ್ಕೆ ಹೋದ. ನಿಜ ಹೇಳಿಬರಬೇಕೆಂದು ಬಸ್ಸು ಹತ್ತಿದೆ. ಮೊದಲ ಸಲ ಧೈರ್ಯ ಸಾಲದೆ ಕುರುಗೋಡಿನಲ್ಲೇ ಇಳಿದು ಹಿಂದಿರುಗಿದೆ. ಮತ್ತೊಮ್ಮೆ ಹೊರಟು ಹೋಗಿ ಮುಟ್ಟಿದೆ. ಅವನು ಮಗಳ ಮನೆಯ ಕಟ್ಟೆಯ ಮೇಲೆ ಕೂತು, ಅಕ್ಕಿ ಗಿರಣಿಗೆ ಹೋಗುವ ಭತ್ತದ ಲಾರಿಗಳನ್ನು ನೋಡುತ್ತಿದ್ದ.

"ಬಾರಲೇ! ಇಲ್ಲೂ ಸಿಕ್ಕಿಲ್ಲ ನೋಡು."

ಎಲ್ಲ ಹೇಳಿದೆ.

"ಒಬ್ಬನಽ ಇರಾಕ ಆಗಂಗಿಲ್ಲ ಅಂದಿದ್ರ ಸಾಕಿತ್ತು," ಎಂದ. "ಬಂದು ಹೋಗಿ ಮಾಡ್ತಿದ್ದೆ. ಮೊಮ್ಮಗಳನ್ನೂ ಎತ್ತಿಕೊಂಡು ಬರ್ತಿದ್ದೆ."

ಆ ಹುಡುಗಿ ಚಹಾ ತಂದಳು. ಇಬ್ಬರ ಲೋಟಗಳನ್ನೂ ದೂರದಲ್ಲಿಟ್ಟು ಒಳಗೆ ಓಡಿದಳು. ಅವನೂ ಅವಳಿಗೆ ನನ್ನಂತೆಯೇ ಹೊಸಬ.

ಭತ್ತದ ಲಾರಿಯೊಂದು ಹೋಯಿತು. ರೂಢಿಯಂತೆ ನಾನು ನಂಬರು ನೋಡಿದೆ. ಅವನು ಬಾಗಿಲ ಕಡೆಗೇ ನೋಡುತ್ತಿದ್ದ.